ಸುಣ್ಣ ಬಳಿಯದ ವರ್ಷ

ಭೀಮಶಿಯ ನೀಲಿ ಅಂಗಿ ಹದಿನೇಳು ದಿನ ನನ್ನ ಪುಸ್ತಕದ ಕಪಾಟಿನಲ್ಲಿತ್ತು. ಕೆಳಗಿನ ಅರೆಯಲ್ಲಿ, ಐವತ್ತು ವರ್ಷಗಳಿಂದ ಒಂದೊಂದಾಗಿ ಕೂಡಿಸಿಟ್ಟ ಕವನ ಸಂಕಲನಗಳ ಹಿಂದೆ, ಗೋಡೆಗೆ ಒತ್ತಿ, ನಾಲ್ಕು ಮಡಿಕೆಯಾಗಿ ಇಟ್ಟಿದ್ದೆ. ಮುಂದೆ ನಿಂತು ನೋಡಿದವರಿಗೆ ಪುಸ್ತಕಗಳಷ್ಟೇ ಕಾಣುತ್ತಿದ್ದವು. ಮನೆಗೆ ಬಂದವರು ಆ ಸಾಲನ್ನು ಮೆಚ್ಚಿಕೊಂಡಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಅಂಗಿಯ ಕಥೆಯನ್ನು ಬಾವಿಯಿಂದಲೇ ಹೇಳಬೇಕು.

ಹೂಲಿಯ ಗುಡ್ಡದ ಬುಡದಲ್ಲಿ ನಮ್ಮ ಹನ್ನೊಂದು ಎಕರೆ ಹೊಲವಿದೆ. ಹೊಲದ ನಡುವೆ ಕಲ್ಲು ಕಟ್ಟಿದ ದೊಡ್ಡ ಬಾವಿ. ದಕ್ಷಿಣಕ್ಕೆ ಇಳಿಯಲು ಮೂವತ್ತೆರಡು ಪಾವಟಿಗೆಗಳು, ಉಳಿದ ಮೂರು ಕಡೆ ನೆಟ್ಟನೆಯ ಗೋಡೆ. ನನ್ನ ಮುತ್ತಜ್ಜನ ಕಾಲದಿಂದಲೂ ಬೇಸಿಗೆಯಲ್ಲಿ ಊರು ಈಸುವುದು ಇಲ್ಲಿಯೇ. ಯಾರೂ ಅಪ್ಪಣೆ ಕೇಳಿದ್ದಿಲ್ಲ, ಯಾರೂ ಬೇಡವೆಂದದ್ದಿಲ್ಲ. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಮಧ್ಯಾಹ್ನದ ಹೊತ್ತು ನಮ್ಮ ಹೊಲ ನಮ್ಮದಾಗಿರುತ್ತಿರಲಿಲ್ಲ.

ಬಾವಿಯ ಉತ್ತರದ ಗೋಡೆಯ ಕೆಳಗೆ, ನೀರಿನೊಳಗೆ, ಒಂದು ಕಪ್ಪು ಬಂಡೆಯಿದೆ. ತೋಡುವಾಗ ಒಡೆಯಲಾಗದೆ ಹಾಗೆಯೇ ಬಿಟ್ಟದ್ದು. ನೀರು ಇಳಿದಾಗ ಅದರ ಬೆನ್ನು ಮೇಲೆದ್ದು ಕಾಣುತ್ತದೆ, ಹೊಂಡದಲ್ಲಿ ಮಲಗಿದ ಎಮ್ಮೆಯ ಹಾಗೆ. ಊರಿನ ಬಾಯಲ್ಲಿ ಅದು ‘ಎಮ್ಮಿಕಲ್ಲು’. ನೀರು ತುಂಬಿದ್ದಾಗ ಮೊಳ ಕೆಳಗೆ ಅಡಗಿರುತ್ತದೆ. ಹಸಿರುಗಟ್ಟಿದ ನೀರಿನಲ್ಲಿ ಏನೂ ತಿಳಿಯುವುದಿಲ್ಲ. ನಾನು ಚಿಕ್ಕವನಿದ್ದಾಗ ಮುರಗೋಡದ ಕಡೆಯ ಬೀಗರೊಬ್ಬರು ಆ ಗೋಡೆಯ ಮೇಲಿಂದ ಜಿಗಿದು ಕಾಲು ಮುರಿದುಕೊಂಡರು. ಮರುವರ್ಷದಿಂದ ನನ್ನ ತಂದೆ ಮಡಿವಾಳೆಪ್ಪನವರು ಯುಗಾದಿಯ ಹಿಂದಿನ ದಿನ ಆ ಗೋಡೆಗೆ ಮೇಲಿಂದ ನೀರಿನವರೆಗೆ ಒಂದು ಮಾರು ಅಗಲದ ಸುಣ್ಣದ ಪಟ್ಟಿ ಬಳಿಸಲು ತೊಡಗಿದರು. ಬಿಳಿ ಇದ್ದಲ್ಲಿ ಜಿಗಿಯಬಾರದು, ಇಷ್ಟೇ ಕಾನೂನು. ಅಕ್ಷರ ಬಾರದವರಿಗೂ ತಿಳಿಯುವಂಥದು. ಆ ನಂತರ ನಮ್ಮ ಬಾವಿಯಲ್ಲಿ ಯಾರ ಉಗುರೂ ಮುರಿದಿರಲಿಲ್ಲ.

‘ಊರ ಮಂದಿ ಈಸತಾರ, ನಾವ್ಯಾಕ ಸುಣ್ಣಾ ಹಚ್ಚಬೇಕಪ್ಪಾ?’ ಎಂದು ಒಮ್ಮೆ ಕೇಳಿದ್ದೆ.

‘ನೀರ ದೇವರದು. ಕಲ್ಲ ನಮ್ಮದು. ಕಲ್ಲಿನ ಸುದ್ದಿ ನಾವ ಹೇಳಬೇಕು’ ಎಂದಿದ್ದರು.

ತಂದೆಗೆ ವಯಸ್ಸಾದ ಮೇಲೆ ಸುಣ್ಣದ ಕೆಲಸ ಯಮನಪ್ಪನದಾಯಿತು. ಅವನ ಎರಡೆಕರೆ ನಮ್ಮ ಹೊಲದ ಬದುವಿಗೇ ಹತ್ತಿದೆ. ಹಗ್ಗ ಕಟ್ಟಿಕೊಂಡು ಗೋಡೆಗೆ ಇಳಿದು, ಕುಂಚವಿಲ್ಲದೆ, ಕತ್ತಾಳೆಯ ನಾರಿನಿಂದ ಬಳಿಯುತ್ತಿದ್ದ. ನಾನು ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದೆ. ಅದೊಂದೇ ದಿನ ವರ್ಷದಲ್ಲಿ ನನ್ನ ಕೈಗೆ ಹೊಲದ ಕೆಲಸದ ಗುರುತು ಬೀಳುತ್ತಿತ್ತು. ಉಳಿದ ದಿನಗಳಲ್ಲಿ ನಾನು ಹೈಸ್ಕೂಲಿನ ಕನ್ನಡ ಮಾಸ್ತರ, ನಿವೃತ್ತನಾದ ಮೇಲೆ ಬರೀ ಓದುವವ.

ಕಳೆದ ಮಾಘದಲ್ಲಿ ಬಾವಿಯ ಹೂಳು ತೆಗೆಸಿದೆ. ಕ್ರೇನು ಮೂರು ದಿನ ಗದ್ದಲವೆಬ್ಬಿಸಿತು. ಪಂಪು ಹಚ್ಚಿ ನೀರು ಹೊರಹಾಕಿದ್ದರಿಂದ ತಳ ಕಂಡಿತ್ತು, ಬಂಡೆ ಪೂರ್ತಿ ಬರಿಮೈಯಾಗಿ ನಿಂತಿತ್ತು. ಕ್ರೇನಿನವನು ಹೇಳಿದ: ‘ಕಂಪ್ರೆಸರ್ ತರಸ್ತೇನ್ರಿ, ಒಂದ ದಿನದಾಗ ಒಡದು ಒಗದಬಿಡತೇನಿ.’

ನಾನು ಬೇಡವೆಂದೆ. ಖರ್ಚಿಗೆ ಹಿಂಜರಿದು ಅಲ್ಲ. ಆ ಬೆನ್ನು ಚೈತ್ರದ ಬಿಸಿಲಿಗೆ ಇಷ್ಟಿಷ್ಟೇ ಮೇಲೇಳುವುದನ್ನು ಅರುವತ್ತು ಬೇಸಿಗೆ ನೋಡಿದ್ದೆ. ಇಪ್ಪತ್ತೈದರ ಹರೆಯದಲ್ಲಿ ಅದರ ಮೇಲೆ ಒಂದು ಕವಿತೆಯನ್ನೂ ಬರೆದು ಧಾರವಾಡದ ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚಾದದ್ದನ್ನು ಕಂಡಿದ್ದೆ. ಕಣ್ಣಿಗೆ ಚೆಂದವೆಂದು ಆ ಕಲ್ಲನ್ನು ಉಳಿಸಿಕೊಂಡೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ನಾಚಿಕೆಗಳಲ್ಲಿ ಇದು ಸಣ್ಣದು.

ಫಾಲ್ಗುಣದಲ್ಲಿ ನನ್ನ ತಂಗಿಯ ಮಗ ಕಾಂತೇಶ ಬಂದ. ಬೈಲಹೊಂಗಲದ ಕೋರ್ಟಿನಲ್ಲಿ ವಕೀಲ. ಬಾವಿಯ ಕಟ್ಟೆಯ ಮೇಲೆ ಕುಳಿತು ಕಡಲೆಗಿಡದಿಂದ ಹಸಿ ಕಾಯಿ ಬಿಡಿಸಿ ತಿನ್ನುತ್ತ, ಹಿಂದಿನ ವರ್ಷದ ಮಾಸಿದ ಸುಣ್ಣವನ್ನು ದಿಟ್ಟಿಸಿ ನೋಡಿದ.

‘ಮಾಮಾ, ಇದು ಯಾಕ?’

ಹೇಳಿದೆ. ಅವನು ತಲೆಯಲ್ಲಾಡಿಸಿದ.

‘ನಮ್ಮ ಕೋರ್ಟಿನ್ಯಾಗ ಈಗ ಒಂದು ಖಟ್ಲೆ ನಡದೈತಿ. ಕಲ್ಲಿನ ಖಣಿಯಾಗ ಈಸಾಕ ಹೋಗಿ ಒಬ್ಬಾಂವ ಸತ್ತ. ಹೊಲದ ಮಾಲಕ ಈಗ ಕೋರ್ಟಿಗೆ ಅಡ್ಡಾಡಾಕ ಹತ್ಯಾನ. ಅವನೇನು ಮಂದೀನ ಕರದಿದ್ನೇನು? ಇಲ್ಲ. ಮಂದಿ ಬರೂದು ಗೊತ್ತಿತ್ತು, ಸುಮ್ಮನಿದ್ದ. ಅಷ್ಟ.’

‘ನಮ್ಮಲ್ಲೆ ಸುಣ್ಣಾ ಹಚ್ಚಿ ಹೇಳತೇವಲ್ಲೋ.’

‘ಅದ ತಪ್ಪು. ನಿಮ್ಮ ಸುಣ್ಣ ನಿಮ್ಮ ಸಹಿ ಇದ್ದಂಗ. “ಕಲ್ಲೈತಿ ಅನ್ನೂದೂ ನನಗ ಗೊತ್ತು, ಮಂದಿ ಜಿಗೀತಾರ ಅನ್ನೂದೂ ಗೊತ್ತು” ಅಂತ ವರ್ಷಾ ವರ್ಷಾ ಗ್ವಾಡಿ ಮ್ಯಾಲ ಬರದು ಕೊಡಾಕ ಹತ್ತೀರಿ. ನಾಳೆ ಯಾರರೆ ಬಿದ್ದರ ಇದನ್ನ ಫೋಟೋ ತಗದು ನಿಮ್ಮ ಕೊಳ್ಳಿಗೆ ಕಟ್ಟತಾರ.’

‘ಹಂಗಾದ್ರ ಬೇಲಿ ಹಾಕಸೂಣೇನು?’

‘ಬೇಲಿ ಹಾಕಿದ್ರ ಊರ ಮಂದಿ ನಿಮ್ಮ ಮಾರಿ ನೋಡೂದಿಲ್ಲ. ಸುಣ್ಣಾ ಬಿಡ್ರಿ, ಬೋರ್ಡ ಹಾಕ್ರಿ. ಬೋರ್ಡಿಗೆ ಯಾರೂ ಸಿಟ್ಟಿಗೇಳೂದಿಲ್ಲ, ಯಾಕಂದ್ರ ಯಾರೂ ಓದೂದಿಲ್ಲ. ಕೋರ್ಟ ಒಂದ ಓದತೈತಿ.’

ನಾನು ನಕ್ಕೆ. ಚತುರ ಮಾತಿಗೆ ಮನಸೋಲುವುದು ನನ್ನ ಹಳೆಯ ರೋಗ.

ವಾರದಲ್ಲಿ ತಗಡಿನ ಫಲಕ ಬಂತು: ‘ಇದು ಖಾಸಗಿ ಜಮೀನು. ಪ್ರವೇಶ ನಿಷೇಧಿಸಿದೆ. ಅನಾಹುತಕ್ಕೆ ಮಾಲೀಕರು ಜವಾಬ್ದಾರರಲ್ಲ.’ ಬಾವಿಯ ದಾರಿಯಲ್ಲಿರುವ ಬೇವಿನ ಮರಕ್ಕೆ ಮೊಳೆ ಹೊಡೆದು ಹಚ್ಚಿಸಿದೆ. ಕಲ್ಲಿನ ಮಾತು ಅದರಲ್ಲಿ ಒಂದೂ ಇರಲಿಲ್ಲ. ಕಾಂತೇಶ ಬೇಕೆಂದೇ ಬಿಟ್ಟಿದ್ದ.

ಯುಗಾದಿಯ ಹಿಂದಿನ ದಿನ ಯಮನಪ್ಪ ಸುಣ್ಣದ ಬಕೆಟ್ಟು, ಹಗ್ಗ ಹಿಡಿದು ಮನೆಯ ಮುಂದೆ ನಿಂತ.

‘ಮಾಸ್ತರ್ರ, ಬರ್ರಿ, ಹಗ್ಗಾ ಹಿಡೀರಿ. ಹೋದ ವರ್ಷದಂಗ ಪುಸ್ತಕ ಓದಿಗೋತ ಕೈ ಬಿಟ್ಟೀರಿ ಮತ್ತ, ನನ್ನ ಹೆಣಾ ನೀವ ತಗೀಬೇಕಾಗತೈತಿ.’

‘ಈ ಸಲ ಬ್ಯಾಡ ಯಮನಪ್ಪ.’

‘ಯಾಕ್ರಿ?’

ನಾನು ಉತ್ತರ ಹುಡುಕುತ್ತಿದ್ದೆ. ಅವನೇ ಅದನ್ನು ನನ್ನ ಕೈಗೆ ಕೊಟ್ಟ. ಅವನ ಮುಖ ಅರಳಿತು.

‘ಓಹೋ! ಕ್ರೇನಿನ್ಯಾಂವ ಎಮ್ಮೀನ್ನ ಹೊಡಕೊಂಡ ಹ್ವಾದ್ನೇನ್ರಿ? ಅದಕ್ಕ ಮೂರ ದಿನಾ ಅಷ್ಟ ಗದ್ಲಾ ನಡದಿತ್ತು!’

ನಾನು ನಕ್ಕೆ.

ಇಲ್ಲವೆನ್ನಲು ಎರಡಕ್ಷರ ಸಾಕಿತ್ತು. ಇಲ್ಲವೆಂದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಯಾಕೆ ಎಂದರೆ, ನಿಮ್ಮಿಂದ ನನಗೆ ಖಟ್ಲೆಯ ಭಯವಿದೆ ಎಂದು ಮೂವತ್ತು ವರ್ಷ ನನ್ನ ಕೈಯ ಹಗ್ಗಕ್ಕೆ ಜೋತುಬಿದ್ದು ಸುಣ್ಣ ಬಳಿದವನ ಮುಂದೆ ಹೇಳಬೇಕಾಗುತ್ತಿತ್ತು. ಆ ಮುಜುಗರವನ್ನು ದಾಟಲು ನಕ್ಕೆ. ಅವನು ಆ ನಗುವನ್ನು ಹೌದೆಂದು ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡೆ. ಉಳಿದ ಸುಣ್ಣವನ್ನು ಅವನು ತನ್ನ ದನದ ಕೊಟ್ಟಿಗೆಗೆ ಬಳಿದ.

ಎಮ್ಮಿ ಹೋಯಿತೆಂಬ ಸುದ್ದಿ ಹಬ್ಬದ ಬೇವುಬೆಲ್ಲದ ಜೊತೆಗೇ ಊರು ತುಂಬಿತು. ಬರಿಗೋಡೆ ಅದಕ್ಕೆ ಸಾಕ್ಷಿ ನುಡಿಯಿತು. ಅರುವತ್ತು ವರ್ಷ ಬಿಳಿ ಇದ್ದಲ್ಲಿ ಜಿಗಿಯದೆ ಕಲಿತವರು, ಬಿಳಿ ಇಲ್ಲದಲ್ಲಿ ಜಿಗಿಯಬಹುದೆಂದು ತಿಳಿದುಕೊಂಡರೆ ಅದು ಅವರ ತಪ್ಪೇ? ಹಿಂದಿನ ವರ್ಷ ಮಳೆ ಚೆನ್ನಾಗಿತ್ತು. ಖಾಲಿ ಮಾಡಿದ ಬಾವಿ ವಾರದಲ್ಲಿ ಮತ್ತೆ ತುಂಬಿತ್ತು, ಆ ಬೇಸಿಗೆ ನೀರು ಇಳಿಯಲೇ ಇಲ್ಲ. ಎಮ್ಮೆ ಬೆನ್ನು ತೋರಿಸಲಿಲ್ಲ.

ಫಲಕವೂ ಉಪಯೋಗಕ್ಕೆ ಬಂತು. ಈಸಲು ಬಂದವರು ತಮ್ಮ ಅಂಗಿ, ಟವೆಲು, ಪ್ಯಾಂಟುಗಳನ್ನು ಅದರ ಮೇಲೆ ನೇತುಹಾಕತೊಡಗಿದರು. ಮಧ್ಯಾಹ್ನವಾದರೆ ‘ಪ್ರವೇಶ ನಿಷೇಧಿಸಿದೆ’ ಎಂಬುದರ ಮೇಲೆ ಹತ್ತು ಅಂಗಿಗಳು ತೂಗಾಡುತ್ತಿದ್ದವು. ನಾನು ಹೊಲದ ಗುಡಿಸಲಿನಲ್ಲಿ ಆರಾಮಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದೆ. ನನ್ನ ಹೆಂಡತಿ ಅನ್ನಪೂರ್ಣಾ ಒಂದು ದಿನ ಅವರಿಗೆಲ್ಲ ಮಜ್ಜಿಗೆಯನ್ನೂ ಕಳಿಸಿದಳು. ಅದನ್ನೂ ನಾನು ಬೇಡವೆನ್ನಲಿಲ್ಲ.

ಯಮನಪ್ಪನ ಮಗ ಭೀಮಶಿಗೆ ಇಪ್ಪತ್ತೆಂಟು. ಮನೋಳಿಯಿಂದ ಸವದತ್ತಿಯ ಪೇಟೆಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಊರ ಮಕ್ಕಳ ಸೊಂಟಕ್ಕೆ ಒಣಗಿದ ಕುಂಬಳಬುರುಡೆ ಕಟ್ಟಿ ಈಸಲು ಕಲಿಸುವವನೂ ಅವನೇ. ವೈಶಾಖದ ಒಂದು ಮಧ್ಯಾಹ್ನ, ನಾನು ಗುಡಿಸಲಿನೊಳಗೆ ಓದುತ್ತಿದ್ದಾಗ, ಅವನ ದನಿ ಕೇಳಿತು.

‘ಸರೀರಿ ಸರೀರಿ! ಈ ಗ್ವಾಡಿ ಮ್ಯಾಲಿಂದ ನಮ್ಮಪ್ಪನೂ ಜಿಗದಿಲ್ಲ, ನಮ್ಮಜ್ಜನೂ ಜಿಗದಿಲ್ಲ!’

ನಾನು ಪುಸ್ತಕದಿಂದ ತಲೆಯೆತ್ತಿ, ಏಳಲು ಕುರ್ಚಿಯ ಕೈ ಹಿಡಿಯುವಷ್ಟರಲ್ಲಿ ಸದ್ದಾಯಿತು. ನೀರಿನ ಸದ್ದಿನೊಳಗೆ ನೀರಿನದಲ್ಲದ ಇನ್ನೊಂದು ಸದ್ದು.

ಭೀಮಶಿ ಬದುಕಿದ. ಸೊಂಟದ ಮೇಲೆ ಬೆನ್ನೆಲುಬಿಗೆ ಪೆಟ್ಟಾಗಿ ಕಾಲುಗಳು ಸುಮ್ಮನಾಗಿದ್ದವು. ಗುಡಿಸಲಿನ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಮೂವತ್ತೆರಡು ಪಾವಟಿಗೆ ಹತ್ತಿಸಿದರು. ಅವನದೇ ಟೆಂಪೋದಲ್ಲಿ ಧಾರವಾಡಕ್ಕೆ ಒಯ್ದರು.

ಮರುದಿನ ಮುಂಜಾನೆ ಪೋಲೀಸರಿಗಿಂತ ಮೊದಲು ಕಾಂತೇಶ ಹೊಲದಲ್ಲಿದ್ದ. ಬೇವಿನ ಮರದ ಫಲಕದ ಮೇಲೆ ಒಂದೇ ಒಂದು ಅಂಗಿ ಉಳಿದಿತ್ತು. ನೀಲಿ, ಎರಡನೆಯ ಗುಂಡಿ ಇಲ್ಲದ್ದು. ಉಳಿದವರು ತಮ್ಮವನ್ನು ತೆಗೆದುಕೊಂಡು ಹೋಗಿದ್ದರು. ಅದರ ಒಡೆಯನಿಗೆ ಆಗಿರಲಿಲ್ಲ. ಕಾಂತೇಶ ಅದನ್ನು ತೆಗೆದು, ಮಡಚಿ, ನನ್ನ ಕೈಗಿಟ್ಟ.

‘ಇದನ್ನ ಮನಿಗೆ ಒಯ್ಯಿರಿ ಮಾಮಾ. ಫೋಟೋದಾಗ ಬೋರ್ಡ ಸ್ವಚ್ಛ ಕಾಣಬೇಕು.’

ನಾನು ಅದನ್ನು ಧೋತರದ ಮಡಿಕೆಯಲ್ಲಿಟ್ಟುಕೊಂಡೆ. ಎಪ್ಪತ್ತಮೂರು ವರ್ಷದ, ಸಾವಿರಾರು ಹುಡುಗರಿಗೆ ಪಾಠ ಹೇಳಿದ ಮನುಷ್ಯ ನಾನು, ಒಂದು ಅಂಗಿಯನ್ನು ಕದ್ದವನಂತೆ ಹೊಟ್ಟೆಗೆ ಒತ್ತಿಕೊಂಡು ಪಂಚನಾಮೆಗೆ ನಿಂತೆ.

ಸವದತ್ತಿ ಠಾಣೆಯಿಂದ ಬಂದ ಜಮಾದಾರರು ಸಭ್ಯ ಮನುಷ್ಯ. ಕಾಗದ ತೊಡೆಯ ಮೇಲಿಟ್ಟುಕೊಂಡು ಕೇಳಿದರು.

‘ಈಸಾಕ ಯಾರಿಗರೆ ನೀವು ಪರವಾನಗಿ ಕೊಟ್ಟಿದ್ರೇನ್ರಿ ಸರ್?’

‘ಇಲ್ಲ.’

‘ನೀರಾಗ ಕಲ್ಲಿರೂದು ಊರ ಮಂದಿಗೆ ಗೊತ್ತಿತ್ತೇನ್ರಿ?’

‘ಮೊದಲಿಂದ ಎಲ್ಲಾರಿಗೂ ಗೊತ್ತಿತ್ತು.’

ಎರಡರಲ್ಲಿಯೂ ಸುಳ್ಳಿರಲಿಲ್ಲ. ಎರಡನ್ನೂ ಕೂಡಿಸಿದರೆ ಸತ್ಯವಿರಲಿಲ್ಲ. ಫಲಕವಿದ್ದರೂ ಭೀಮಶಿ ಅಕ್ರಮವಾಗಿ ಒಳಬಂದು, ತನ್ನ ಅಜಾಗರೂಕತೆಯಿಂದ ಗಾಯಗೊಂಡಿದ್ದಾನೆ ಎಂದು ಬರೆಯಲಾಯಿತು. ಓದಿದೆ, ಒಂದು ಒತ್ತಕ್ಷರ ತಪ್ಪಾಗಿತ್ತು, ಅದನ್ನು ತಿದ್ದಿದೆ, ಸಹಿ ಮಾಡಿದೆ.

ಊರು ಕಾಗದವನ್ನು ಓದದಿದ್ದರೂ ಅದರ ಅರ್ಥವನ್ನು ಬೇಗ ಕಲಿತಿತು. ಚಹದಂಗಡಿಯ ಮುಂದೆ ಹಾಯುವಾಗ ಮಾತು ಕಿವಿಗೆ ಬಿತ್ತು.

‘ಬೋರ್ಡ ಓದಾಕ ಬರೂದಿಲ್ಲೇನ ಅವಗ? ಮಾಸ್ತರ ಕೈಯಾಗ ಕಲತಾಂವಲ್ಲ!’

‘ಅಂವಂದೇನ ತಪ್ಪೋ? ಎಮ್ಮಿ ಹೋತು, ಎಮ್ಮಿ ಹೋತು ಅಂತ ಡಂಗುರಾ ಹೊಡದಾಂವ ಯಮನಪ್ಪ. ಅಪ್ಪನ ಬಾಯಿ ಮಗನ ಕಾಲ ತಿಂತು.’

ನನ್ನನ್ನು ಕಂಡು ಅವರು ಎದ್ದು ನಿಂತು ನಮಸ್ಕಾರ ಮಾಡಿದರು. ನಾನು ಪ್ರತಿ ನಮಸ್ಕಾರ ಮಾಡಿ ಮುಂದೆ ನಡೆದೆ. ಯಮನಪ್ಪ ಯಾರೆದುರೂ ನನ್ನ ಹೆಸರು ಎತ್ತಿರಲಿಲ್ಲ. ಎತ್ತಿದ್ದರೆ ನಾನು ಹಾಗೆ ಹೇಳಿಯೇ ಇಲ್ಲವೆನ್ನುತ್ತಿದ್ದೆ, ಅದು ನನಗೆ ಗೊತ್ತಿದೆ.

ಹದಿನೇಳನೆಯ ದಿನ, ಭೀಮಶಿಯನ್ನು ಆಸ್ಪತ್ರೆಯಿಂದ ಮನೆಗೆ ತಂದರೆಂದು ತಿಳಿಯಿತು. ಮಧ್ಯಾಹ್ನ ಮಲಗಿ ಎದ್ದಾಗ ನನ್ನ ಮೇಜಿನ ಮೇಲೆ ನೀಲಿ ಅಂಗಿ ಇತ್ತು. ಒಗೆದು, ಇಸ್ತ್ರಿ ಮಾಡಿದ್ದು. ಅನ್ನಪೂರ್ಣಾ ಬಾಗಿಲಲ್ಲಿ ನಿಂತಿದ್ದಳು.

‘ಪುಸ್ತಕಕ್ಕ ಹುಳಾ ಹತ್ತ್ಯಾವೇನು ಅಂತ ಜಾಡಸಾಕ ಹೋದೆ. ಸಿಕ್ತು.’

ನಾನು ಅಂಗಿಯನ್ನು ತಿರುವಿ ನೋಡಿದೆ.

‘ಒಂದ ಗುಂಡಿ ಇರ್ಲಿಲ್ಲ, ಹಚ್ಚೇನಿ. ನೀವು ಕೊಟ್ಟ ಬರತೀರೋ, ನಾ ಕೊಟ್ಟ ಬರಲ್ಯೋ? ನಾ ಹೋದ್ರ, ಇದು ನಮ್ಮನ್ಯಾಗ ಹೆಂಗ ಬಂತು ಅಂತ ರಾಯವ್ವ ಕೇಳತಾಳ. ನನಗ ಉತ್ತರಾ ಗೊತ್ತಿಲ್ಲ.’

ನಾನೇ ಹೋದೆ.

ಯಮನಪ್ಪನ ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಅವನ ಹೆಂಡತಿ ರಾಯವ್ವ ಮಗನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ‘ಮಾಸ್ತರ್ರ ಬಂದ್ರು, ಕುಂಡ್ರಿ’ ಎಂದು ಸೆರಗು ಸರಿಮಾಡಿಕೊಂಡು ನೀರು ತರಲು ಒಳಗೆ ಹೋದಳು. ಅಂಗಿಯನ್ನು ಮಂಚದ ತುದಿಗಿಟ್ಟೆ. ಭೀಮಶಿ ಅದನ್ನು ನೋಡಲಿಲ್ಲ. ಶಾಲೆಯಲ್ಲಿ ತಪ್ಪು ಮಾಡಿದಾಗ ನೋಡುತ್ತಿದ್ದ ಹಾಗೆ ನನ್ನನ್ನು ನೋಡಿದ.

‘ಮಾಸ್ತರ್ರ, ನಾ ಹುಚ್ಚುಚ್ಚಾಗಿ ಜಿಗದಿಲ್ಲರಿ. ಗ್ವಾಡಿ ನೋಡಿದ್ನಿ. ಎರಡ ಸಲಾ ನೋಡಿದ್ನಿ. ಸುಣ್ಣಾ ಇರ್ಲಿಲ್ಲರಿ. ಯಾರೂ ನಂಬವೊಲ್ಲರು. ನೀವರೆ ಹೇಳ್ರಿ.’

‘ನೀ ನೋಡೇ ಜಿಗದೀ’ ಎಂದೆ. ಎದ್ದು ಹಿತ್ತಲಿಗೆ ಹೋದೆ. ಯಮನಪ್ಪ ದನದ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದ. ಕೊಟ್ಟಿಗೆಯ ಗೋಡೆ ನನ್ನ ಬಾವಿಗೆ ಸಲ್ಲಬೇಕಾಗಿದ್ದ ಸುಣ್ಣದಿಂದ ಬೆಳ್ಳಗಿತ್ತು.

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಂಡೆಯನ್ನು ಒಡೆಸದೆ ಬಿಟ್ಟದ್ದು, ಕಾಂತೇಶನ ಮಾತು, ಫಲಕ, ಸುಣ್ಣ ಬೇಡವೆಂದ ಕಾರಣ, ಮಡಚಿಕೊಂಡು ಹೋದ ಅಂಗಿ. ಅವನು ಮೇವಿನ ಸಿವುಡನ್ನು ಕೈಯಲ್ಲಿ ಹಿಡಿದೇ ಕೇಳಿದ. ಆಮೇಲೆ ಅದನ್ನು ದನದ ಮುಂದೆ ಇಟ್ಟು ನನ್ನ ಕಡೆ ತಿರುಗಿದ.

‘ಅವತ್ತ ನೀವು ನಕ್ಕಿದ್ರಿ.’

‘ಹೌದು.’

‘ಹದಿನೇಳ ದಿನಾ ಅದನ್ನ ತಲ್ಯಾಗ ತಿರುವಾಕ ಹತ್ತೇನ್ರಿ. ಮಾಸ್ತರ್ರು ನಕ್ಕಿದ್ದು ಹೌದು ಅಂತೋ, ಇಲ್ಲಾ ಯಮನ್ಯಾನ ಹುಚ್ಚು ಮಾತಿಗೋ ಅಂತ. ನಾನ ತಪ್ಪ ತಿಳಕೊಂಡೆ ಅಂದ್ಕೊಂಡೇನಿ. ಮಗನ ಮಾರಿ ನೋಡಾಕ ಆಗವೊಲ್ಲದು ನನಗ.’

‘ತಪ್ಪು ನಂದು ಯಮನಪ್ಪ. ಅದನ್ನ ಹೇಳಾಕ ಬಂದೇನಿ.’

‘ನನ್ನ ಮುಂದ ಹೇಳಿದ್ರ ನಿಮ್ಮ ಎದಿ ಹಗರ ಆಗತೈತಿ.’ ಅವನ ದನಿ ಏರಲಿಲ್ಲ. ‘ನನ್ನ ಮಗನ ಹೆಸರು ಠಾಣೇದಾಗ ಬರದೈತಿ, ಹುಚ್ಚ ಅಂತ, ಕದ್ದ ಬಂದಾಂವ ಅಂತ. ದನದ ಮುಂದ ಯಾಕ ಹೇಳತೀರಿ? ಅಲ್ಲಿ ಹೇಳ್ರಿ.’

‘ನಾಳೆ ಹೋಗತೇನಿ.’

‘ನಾನೂ ಬರತೇನಿ. ನೀವು ಅಲ್ಲಿ ಹೋಗಿ ಮತ್ತ ನಕ್ಕ ಬಂದ್ರ?’

ಮೂವತ್ತು ವರ್ಷಗಳಲ್ಲಿ ಅವನು ನನಗೆ ಆಡಿದ ಮೊದಲ ಬಿರುನುಡಿ ಅದು. ಅದಕ್ಕೆ ನಾನು ಅರ್ಹನಾಗಿದ್ದೆ.

ಮುಂಜಾನೆ ಬಸ್ಸಿನಲ್ಲಿ ಕಾಂತೇಶನ ಫೋನು ಬಂತು, ಅನ್ನಪೂರ್ಣಾ ತಿಳಿಸಿದ್ದಳು.

‘ಮಾಮಾ, ಹೇಳಿಕಿ ತಿರುಗಿ ಕೊಟ್ರ ಖಟ್ಲೆ ಸೀದಾ ನಿಮ್ಮ ಮ್ಯಾಲ ಬೀಳತೈತಿ. ಬೋರ್ಡೂ ಉಳಸೂದಿಲ್ಲ. ಬಸ್ಸ ಇಳೀರಿ, ನಾ ಬರತೇನಿ.’

‘ಕಲ್ಲು ನಮ್ಮದೋ ಕಾಂತೇಶ’ ಎಂದೆ. ಅವನಿಗೆ ಅದು ಅರ್ಥವಾಗಲಿಲ್ಲ. ನನಗೂ ಅರ್ಥವಾಗಲು ಇಷ್ಟು ವರ್ಷ ಹಿಡಿದಿತ್ತು. ಯಮನಪ್ಪ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂಡಲಿಲ್ಲ. ಸವದತ್ತಿಯವರೆಗೂ ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದ. ಭೀಮಶಿಯ ಅಂಗಿಯನ್ನು ಕೈಚೀಲದಲ್ಲಿ ತಂದಿದ್ದ, ಸಾಕ್ಷಿಗೆ ಬೇಕಾದೀತೆಂದು.

ಠಾಣೆಯ ಕಟ್ಟೆಯ ಮೇಲೆ ಅವನು ಕುಳಿತ. ನಾನು ಒಳಗೆ ಹೋದೆ. ಅದೇ ಜಮಾದಾರರು. ಮೊದಲು ಕನ್ನಡಕದ ಮೇಲಿಂದ ನೋಡಿದರು, ಆಮೇಲೆ ಪೆನ್ನು ತೆಗೆದರು.

ಜೀವಮಾನವೆಲ್ಲ ಒಂದು ಸಾಲಿಗೆ ಹತ್ತು ರೂಪ ಕೊಟ್ಟು ನೋಡಿದವನು ನಾನು. ಅಂದು ಬರಿಯ ಸಾಲುಗಳನ್ನು ಹೇಳಿದೆ. ಬಾವಿಯಲ್ಲಿ ಕಲ್ಲಿರುವುದು ನನಗೆ ಗೊತ್ತಿತ್ತು. ಜನ ಈಸಲು ಬರುವುದು ಗೊತ್ತಿತ್ತು. ನನ್ನ ಹೆಂಡತಿ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು. ಪ್ರತಿ ವರ್ಷ ಬಳಿಯುತ್ತಿದ್ದ ಸುಣ್ಣವನ್ನು ಈ ವರ್ಷ ನಾನೇ ಬೇಡವೆಂದೆ. ಫಲಕದ ಮೇಲೆ ಗಾಯಾಳುವಿನ ಅಂಗಿ ಇತ್ತು, ಅದನ್ನು ಫೋಟೋಕ್ಕಿಂತ ಮೊದಲು ತೆಗೆದು ಮನೆಗೆ ಒಯ್ದೆ. ಜಮಾದಾರರು ನಡುವೆ ಒಮ್ಮೆ ನಿಲ್ಲಿಸಿ, ‘ಸರ್, ಇದನ್ನ ಬರದ ಮ್ಯಾಲ ಅಳಸಾಕ ಬರೂದಿಲ್ಲ ನೋಡ್ರಿ’ ಎಂದರು. ಬರೆಯಿರಿ ಎಂದೆ. ಈ ಸಲ ಒತ್ತಕ್ಷರಗಳನ್ನು ತಿದ್ದಲಿಲ್ಲ. ಸಹಿ ಮಾಡಿ ಹೊರಗೆ ಬಂದೆ.

ಯಮನಪ್ಪ ಎದ್ದು ನಿಂತ.

‘ಹೇಳಿದ್ರೇನ್ರಿ?’

‘ಹೇಳಿದೆ. ಎಲ್ಲಾ ಬರಸಿದೆ.’

‘ಕಲ್ಲಿಂದು?’

‘ಬರಸಿದೆ.’

‘ಸುಣ್ಣದ್ದು? ಅಂಗೀದು?’

‘ಎಲ್ಲಾ.’

ಅವನು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ನನ್ನ ಮುಖವನ್ನು ನೇರವಾಗಿ ನೋಡಿದ.

‘ಎಮ್ಮಿ ಹೋತೇನ್ರಿ ಅಂತ ನಾ ಕೇಳಿದಾಗ ನೀವು ನಕ್ಕದ್ದು?’

ಅದೊಂದನ್ನು ಬರೆಸಿರಲಿಲ್ಲ. ಕಾನೂನಿಗೆ ಅದು ಬೇಕಾಗಲಾರದೆಂದು ಒಳಗೆ ನನಗೆ ನಾನೇ ಹೇಳಿಕೊಂಡಿದ್ದೆ.

ಠಾಣೆಯ ಮೆಟ್ಟಿಲುಗಳನ್ನು ಮತ್ತೆ ಹತ್ತಿದೆ.